ಪೋರ್ಟಬಲ್ ಏಸಿ ಕೊಳ್ಳುವಾಗ ಪೈಪು ಎಣಿಸಿ: ನನ್ನ ಅನುಭವ

ಪೋರ್ಟಬಲ್ ಏಸಿ ಅಂದರೆ ದುಡ್ಡು ದಂಡ ಅಂತ ನನಗೆ ಹೇಳದವರೇ ಇಲ್ಲ. ಸ್ಪ್ಲಿಟ್ ಹಾಕಿಸು ಅಂದರು. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ, ಔಟ್‌ಡೋರ್ ಯೂನಿಟ್ ಇಡಲು ಜಾಗವೂ ಇಲ್ಲ. ಎಲ್ಲಿ ಹಾಕಿಸಲಿ? ಈ ಬೇಸಿಗೆ ಹೊರಗೆ 38 ಡಿಗ್ರಿ ಇದ್ದಾಗ ನನ್ನ ಕೋಣೆ 25ರ ಆಸುಪಾಸಿನಲ್ಲಿ ನಿಂತಿತು. ಈಗ ಅದೇ ಜನ ಬಂದು ಮಾಡೆಲ್ ಯಾವುದು ಅಂತ ಕೇಳುತ್ತಿದ್ದಾರೆ. ಮಾಡೆಲ್ ಹೆಸರು ಕಟ್ಟಿಕೊಂಡು ಏನು ಮಾಡುತ್ತೀರಿ? ಪೈಪು ಎಣಿಸಿ.

ಮೊದಲು ತಂದದ್ದು ಒಂಟಿ ಪೈಪಿನದು, ಬಿಸಿಗಾಳಿಯನ್ನು ಕಿಟಕಿಯಿಂದ ಹೊರಗೆ ಹಾಕಲು ಒಂದೇ ಪೈಪು. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ 12,000 ಬಿಟಿಯು, ಅಂದರೆ ಒಂದು ಟನ್. ಕೋಣೆ ಹೆಚ್ಚುಕಮ್ಮಿ 130 ಚದರ ಅಡಿ. ಧಾರಾಳ ಸಾಕು ಅಂತ ಯಾರೇ ಆದರೂ ಲೆಕ್ಕ ಹಾಕುತ್ತಾರೆ. ಆದರೆ ಮಧ್ಯಾಹ್ನ 29ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಕಂಪ್ರೆಸರ್‌ಗೆ ಬಿಡುವೇ ಇಲ್ಲ, ಗಂಟೆಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿಯೇ ಕರೆಂಟು ಕುಡಿಯಿತು.

ಬಾಗಿಲ ಕೆಳಗಿನ ಸಂದಿಗೆ ಒಂದು ಟಿಶ್ಯೂ ಪೇಪರ್ ಹಿಡಿದು ನೋಡಿದೆ. ಪಟಪಟ ಅಂತ ಒಳಕ್ಕೆ ಹಾರಿತು. ಕೋಣೆಯ ತಂಪು ಗಾಳಿಯನ್ನೇ ಎಳೆದು, ಬಿಸಿ ಮಾಡಿ ಹೊರಗೆ ತಳ್ಳುವ ಯಂತ್ರ ಅದು. ಹೋದಷ್ಟು ಗಾಳಿ ಎಲ್ಲಿಂದಾದರೂ ವಾಪಸ್ ಬರಲೇಬೇಕು ಅಲ್ವಾ? ತೂತು ಕೊಡಕ್ಕೆ ನೀರು ತುಂಬಿದ ಹಾಗಾಯಿತು.

ಅಂಗಡಿಯವರು 14,000 ಬಿಟಿಯುದ್ದು ತಗೊಳ್ಳಿ ಅಂದರು. ದೊಡ್ಡದು ಇನ್ನೂ ಜಾಸ್ತಿ ಗಾಳಿ ಹೊರಗೆ ಹಾಕುತ್ತದೆ, ಅಷ್ಟೇ. ನೀವು ನೋಡಬೇಕಾದದ್ದು ಸಣ್ಣಕ್ಷರದಲ್ಲಿರುವ ಎಸ್‌ಎಸಿಸಿ (SACC, ಋತುಮಾನಕ್ಕೆ ಹೊಂದಿಸಿದ ತಂಪಿನ ಸಾಮರ್ಥ್ಯ) ಅನ್ನುವ ಅಂಕಿ. ಒಳನುಗ್ಗುವ ಬಿಸಿಗಾಳಿ, ಪೈಪಿನಿಂದ ಸೋರುವ ಶಾಖ, ಎರಡನ್ನೂ ಕಳೆದು ಬರೆಯುವ ಲೆಕ್ಕ ಅದು. ನನ್ನ 12,000ದ ಪೆಟ್ಟಿಗೆಯಲ್ಲಿ ಅದು ಸುಮಾರು 7,000 ಇತ್ತು. ಅದನ್ನೂ ಪೂರ್ತಿ ನಂಬಬೇಡಿ. ಆ ಲೆಕ್ಕದಲ್ಲಿ ಹೊರಗೆ 28 ಡಿಗ್ರಿ ಇರುವ ಪರೀಕ್ಷೆಗೆ ಶೇ. 80 ಪಾಲು, 35 ಡಿಗ್ರಿಯದಕ್ಕೆ ಬರೀ ಶೇ. 20. ಹೊರಗೆ 40 ದಾಟುವ ಕಡೆ ಇರುವವರು ಇನ್ನಷ್ಟು ಕಳೆದು ಲೆಕ್ಕ ಹಾಕಿ.

ಹೊಸದು ಕೊಳ್ಳುವ ಮುಂಚೆ ಹಳೆಯದರ ಮೇಲೆ ಕೈ ಆಡಿಸಿದೆ. ಹಿಂದೆ ಎರಡು ಜಾಲರಿ ಇರುತ್ತವಲ್ಲ, ಕಂಡೆನ್ಸರ್‌ಗೆ (ಬಿಸಿ ಹೊರಹಾಕುವ ಸುರುಳಿಗೆ) ಗಾಳಿ ಹೋಗುವುದರ ಮೇಲೆ ರಟ್ಟಿನ ಪೆಟ್ಟಿಗೆ ಕೂರಿಸಿ, ಕೋಣೆಯ ಗಾಳಿಯ ಬದಲು ಹೊರಗಿನದನ್ನೇ ಎಳೆಯಲಿ ಅಂತ ಅಲ್ಲಿಂದ ಕಿಟಕಿಗೆ ಇನ್ನೊಂದು ಪೈಪು ಎಳೆದೆ. ಮಾರನೇ ಮಧ್ಯಾಹ್ನ 27ಕ್ಕೆ ಇಳಿಯಿತು! ಆದರೆ ಬಿಸಿಲು ಏರಿದಾಗ ಕಂಪ್ರೆಸರ್ ಟ್ರಿಪ್ ಆಗತೊಡಗಿತು. ಐದಿಂಚಿನ ಪೈಪಿಗೆ ಗಾಳಿ ಸಾಲುತ್ತಿರಲಿಲ್ಲ. ಎಂಟಿಂಚಿನದು ಹಾಕಿದ ಮೇಲೆ ಸುಮ್ಮನಾಯಿತು. ಪೆಟ್ಟಿಗೆಯನ್ನು ಒಂದೂ ಸ್ಕ್ರೂ ಇಲ್ಲದೆ, ಸೋರದ ಹಾಗೆ ಹೇಗೆ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಒಂದು ಮಾತು ಮಾತ್ರ: ಇಂಥದ್ದಕ್ಕೆ ಕೈ ಹಾಕಿದರೆ ವಾರಂಟಿ ಮರೆತುಬಿಡಿ.

ಮಧ್ಯೆ ಬೇರೆ ಆಟಗಳೂ ನಡೆದವು. ಮುಂದೆ ಐಸ್ ಬಕೆಟ್ ಇಟ್ಟೆ, ಪ್ರಯೋಜನ ಸೊನ್ನೆ. ನೆರಳಿನ ಕೋಣೆ ಕಡೆಯ ಬಾಗಿಲನ್ನು ಎರಡು ಬೆರಳಷ್ಟು ತೆರೆದಿಟ್ಟರೆ ಒಂಟಿ ಪೈಪಿನದರಲ್ಲೂ ಒಂದು ಡಿಗ್ರಿ ಲಾಭ, ಬಿಸಿಲ ಕಿಟಕಿಯ ಬದಲು ಅಲ್ಲಿಂದ ಗಾಳಿ ಬರುತ್ತದೆ. ಖರ್ಚಿಲ್ಲ, ಮಾಡಿ ನೋಡಿ.

ಕೊನೆಗೆ ಹಳೆಯದನ್ನು ಅರ್ಧ ಬೆಲೆಗೆ ಕೊಟ್ಟು ಎರಡು ಪೈಪಿನ ಇನ್ವರ್ಟರ್ ಏಸಿ (ಕಂಪ್ರೆಸರ್ ವೇಗವನ್ನು ಬೇಕಾದಷ್ಟಕ್ಕೆ ಇಳಿಸುವಂಥದ್ದು) ತಂದೆ. ಮೊದಲನೆಯದರ ಒಂದೂವರೆ ಪಟ್ಟು ಆಯಿತು. ಇಲ್ಲೂ ಒಂದು ಮೋಸ ಇದೆ. ಕೆಲವು ಎರಡು ಪೈಪಿನವು ಕೋಣೆಯ ಗಾಳಿಯನ್ನೂ ಒಂದಿಷ್ಟು ಕದಿಯುತ್ತವೆ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಬಾಗಿಲು ಹಾಕಿ ಟಿಶ್ಯೂ ಹಿಡಿಯಿರಿ. ನನ್ನದರಲ್ಲಿ ಅಲುಗಲಿಲ್ಲ. ಪೈಪಿನೊಳಗೆ ಪೈಪು ಇರುವ ಮಾಡೆಲ್ ನೋಡಲು ಚೆಂದ, ಆದರೆ ಹೋಗುವ ಬಿಸಿ ಬರುವ ಗಾಳಿಗೂ ತಾಗುತ್ತದೆ. ನಾನು ಬೇರೆಬೇರೆ ಪೈಪಿನದನ್ನೇ ಆರಿಸಿದೆ.

ಉಳಿದ ಲಾಭ ಬಂದದ್ದು ಕಿಟಕಿಯಿಂದ. ಜೊತೆಗೆ ಬರುವ ಪ್ಲಾಸ್ಟಿಕ್ ಪಟ್ಟಿ ಜಾರುವ ಕಿಟಕಿಗೆ ಮಾತ್ರ, ರೆಕ್ಕೆ ಕಿಟಕಿಗೆ ಕೂರುವುದಿಲ್ಲ. ಫೋಮ್ ಶೀಟ್ ಕತ್ತರಿಸಿ ನಾನೇ ಹಲಗೆ ಮಾಡಿದೆ, ಅಂಚಿಗೆ ರಬ್ಬರ್ ಪಟ್ಟಿ. ಬಿಸಿಗಾಳಿ ಹೋಗುವ ಪೈಪನ್ನು ಮುಟ್ಟಿ ನೋಡಿ, ಕೋಣೆಯೊಳಗೇ ಹೀಟರ್ ಇಟ್ಟಷ್ಟು ಕಾದಿರುತ್ತದೆ. ಅದಕ್ಕೆ ಫಾಯಿಲ್ ಇರುವ ಹೊದಿಕೆ ಸುತ್ತಿದೆ. ಪೈಪು ಗಿಡ್ಡ ಇರಲಿ, ನೇರ ಇರಲಿ. ಹಿಂದೊಮ್ಮೆ ಉದ್ದ ಮಾಡಲು ಹೋದಾಗಲೂ ಟ್ರಿಪ್ ಆಗಿತ್ತು.

ಈಗ ತಣ್ಣಗಾದ ಮೇಲೆ ಗಂಟೆಗೆ ಅರ್ಧ ಯೂನಿಟ್‌ಗೂ ಸ್ವಲ್ಪ ಮೇಲೆ, ಅಷ್ಟೇ. ಕಂಪ್ರೆಸರ್ ಪಕ್ಕದಲ್ಲೇ ಇರುವುದರಿಂದ ಸದ್ದು ಪೂರ್ತಿ ಹೋಗುವುದಿಲ್ಲ, ಇನ್ವರ್ಟರ್ ನಿಧಾನಕ್ಕೆ ತಿರುಗುವಾಗ ನಿದ್ದೆ ಬರುತ್ತದೆ. ಏಸಿಯೊಳಗೆ ಕೂಡುವ ನೀರು ತಾನೇ ಆವಿಯಾಗುತ್ತದೆ ಅನ್ನುವ ಮಾತು ಒಣಹವೆಗೆ ಸರಿ. ಸೆಕೆ ಜಾಸ್ತಿ ಇರುವ ದಿನ ಟ್ಯಾಂಕ್ ತುಂಬಿ ಮಧ್ಯರಾತ್ರಿ ನಿಂತುಬಿಡುತ್ತದೆ. ಕೆಳಗಿನ ಬಿರಡೆಗೆ ಸಣ್ಣ ಕೊಳವೆ ಸಿಕ್ಕಿಸಿ, ಇಳಿಜಾರಾಗಿ ಬಾತ್‌ರೂಮಿಗೆ ಬಿಟ್ಟಿದ್ದೇನೆ.