ಹೊಟ್ಟೆಯ ಮೇಲೆ ಯೂರಿನ್ ಬ್ಯಾಗ್ ಇದೆಯಾ? ಪ್ರಯಾಣಕ್ಕೆ ಹೀಗೆ ತಯಾರಾಗಿ

ಮೂತ್ರಕೋಶ ತೆಗೆದು ಹೊಟ್ಟೆಗೆ ಬ್ಯಾಗ್ ಹಾಕಿದ ಮೇಲೆ ಎಷ್ಟೋ ಮಂದಿ ಊರಿಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ತಂಗಿ ಮಗಳ ಮದುವೆ ಇರಲಿ, ಮನೆದೇವರ ಜಾತ್ರೆ ಇರಲಿ, "ನೀವೆಲ್ಲ ಹೋಗ್ಬನ್ನಿ, ನಾನು ಮನೇಲಿರ್ತೀನಿ" ಅನ್ನುತ್ತಾರೆ. ದಾರಿಯಲ್ಲಿ ಸೋರಿದರೆ? ಡ್ರೈವರ್ ಬಸ್ ನಿಲ್ಲಿಸದಿದ್ದರೆ? ಭಯ ಸಹಜವೇ. ಆದರೆ ತಯಾರಿ ಸರಿಯಾಗಿದ್ದರೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ರಾತ್ರಿ ಬಸ್ಸಿನಲ್ಲೂ ಹೋಗಿಬರಬಹುದು.

ಇಲ್ಲಿ ಹೇಳುತ್ತಿರುವುದು ಇಲಿಯಲ್ ಕಾಂಡ್ಯುಯಿಟ್ ಆಪರೇಷನ್ ಆದವರ ವಿಷಯ. ಸಣ್ಣ ಕರುಳಿನ ಸುಮಾರು 15 ಸೆಂ.ಮೀ. ತುಂಡಿಗೆ ಕಿಡ್ನಿಯ ನಾಳಗಳನ್ನು ಜೋಡಿಸಿ, ಅದರ ಒಂದು ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದಿರುತ್ತಾರೆ. ಆ ಕೆಂಪು ಬಾಯಿಯೇ ಸ್ಟೋಮಾ. ಅಲ್ಲಿ ಮೂತ್ರ ತಡೆದುಹಿಡಿಯುವ ಸ್ನಾಯು ಇಲ್ಲ. ಹಗಲು ರಾತ್ರಿ ಹನಿಯುತ್ತಲೇ ಇರುತ್ತದೆ.

ಸಾಮಾನು ಕಟ್ಟುವಾಗ

ಲೆಕ್ಕಕ್ಕಿಂತ ಎರಡು ಪಟ್ಟು ಇಟ್ಟುಕೊಳ್ಳಿ. ನಾಲ್ಕು ದಿನದ ಪ್ರಯಾಣಕ್ಕೆ ಎರಡು ಸೆಟ್ ಸಾಕು ಅನ್ನಿಸಿದರೆ ನಾಲ್ಕು ತೆಗೆದುಕೊಳ್ಳಿ. ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲಿ ಈ ಬ್ಯಾಗ್ ಸಿಗುವುದು ಕಷ್ಟ. ಸಿಕ್ಕರೂ ಅದು ಮಲದ ಬ್ಯಾಗ್ ಆಗಿರಬಹುದು, ಅದಕ್ಕೆ ಕೆಳಗಡೆ ನಲ್ಲಿ ಇರುವುದಿಲ್ಲ. ಪ್ಲೇಟ್ (ಸ್ಟೋಮಾದ ಸುತ್ತ ಚರ್ಮಕ್ಕೆ ಅಂಟಿಸುವ ಭಾಗ) ಬೇರೆ, ಬ್ಯಾಗ್ ಬೇರೆ ಇರುವ ಮಾದರಿಯಾದರೆ ಎರಡರ ಅಳತೆ, ಕಂಪನಿ ಎರಡೂ ಹೊಂದಬೇಕು. ಡಬ್ಬಿಯ ಮೇಲಿನ ಕೋಡ್ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಪ್ಲೇಟಿನ ರಂಧ್ರವನ್ನು ಮನೆಯಲ್ಲೇ ಕತ್ತರಿಸಿಡಿ. ಸ್ಟೋಮಾಗಿಂತ ಎರಡು ಮೂರು ಮಿ.ಮೀ. ಮಾತ್ರ ದೊಡ್ಡದಿರಲಿ. ವಿಮಾನದಲ್ಲಿ ಹೋಗುವವರಿಗಂತೂ ಇದು ಬೇಕೇ ಬೇಕು, ಕತ್ತರಿಯನ್ನು ಸೆಕ್ಯುರಿಟಿಯಲ್ಲಿ ತೆಗೆದಿಟ್ಟುಕೊಳ್ಳಬಹುದು.

ಒಂದು ಸೆಟ್ ಯಾವಾಗಲೂ ಕೈಚೀಲದಲ್ಲಿರಲಿ. ಅದರ ಜೊತೆಗೆ ಸಣ್ಣ ಟವೆಲ್, ಟಿಶ್ಯೂ, ಕಪ್ಪು ಕವರ್, ಹಳೇ ಪೇಪರ್, ಒಂದು ಜೊತೆ ಬಟ್ಟೆ. ಉಳಿದದ್ದನ್ನು ಎರಡು ಕಡೆ ಹಂಚಿಡಿ. ಒಂದು ಲಗೇಜ್ ಕಳೆದರೂ ಇನ್ನೊಂದು ಇರುತ್ತದೆ ಅಲ್ವಾ? ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಇಡಬೇಡಿ, ಪ್ಲೇಟಿನ ಅಂಟು ಹಾಳಾಗುತ್ತದೆ.

ನೀರು ಬಿಡಬೇಡಿ

ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು ಇದು. ಬಸ್ ಹತ್ತುವ ಮೊದಲು ನೀರು ಕುಡಿಯುವುದನ್ನೇ ನಿಲ್ಲಿಸುವವರು ಬಹಳ. ಕುಡಿಯದಿದ್ದರೆ ಬ್ಯಾಗ್ ತುಂಬುವುದಿಲ್ಲ ಅನ್ನುವ ಲೆಕ್ಕ. ಆದರೆ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಸೋಂಕು ಬೇಗ ಹತ್ತುತ್ತದೆ, ಅದು ಕಿಡ್ನಿಗೂ ಏರಬಹುದು. ಸ್ಟೋಮಾ ಮಾಡಿರುವುದೇ ಕರುಳಿನಿಂದ. ಹಾಗಾಗಿ ಮೂತ್ರದಲ್ಲಿ ಬಿಳಿ ಲೋಳೆ ಬರುವುದು ಸಹಜ. ನೀರು ಕುಡಿಯದಿದ್ದರೆ ಆ ಲೋಳೆಯೂ ಮಂದವಾಗಿ ನಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಡಾಕ್ಟರು ನೀರಿಗೆ ಮಿತಿ ಹೇಳಿರದಿದ್ದರೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಕುಡಿಯಲೇಬೇಕು. ಕರಾವಳಿಯ ಸೆಕೆಯಲ್ಲಿ ಇನ್ನೂ ಜಾಸ್ತಿ.

ಬಸ್ಸು, ರೈಲು, ವಿಮಾನ

ಬ್ಯಾಗ್ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಿ. ಅರ್ಧ ದಾಟಿದರೆ ಭಾರಕ್ಕೆ ಪ್ಲೇಟ್ ಏಳುತ್ತದೆ. ಬಸ್ ನಿಂತ ಕಡೆಯಲ್ಲೆಲ್ಲ, ತುಂಬಿರಲಿ ಬಿಡಲಿ, ಇಳಿದು ಖಾಲಿ ಮಾಡಿ. ಒಂದು ಅನುಕೂಲವೂ ಇದೆ: ನಿಂತೇ ನಲ್ಲಿ ತಿರುಗಿಸಿದರೆ ಆಯಿತು. ಗಲೀಜು ಟಾಯ್ಲೆಟ್ಟಿನಲ್ಲಿ ಕೂರಬೇಕಾಗಿಲ್ಲ, ಹೆಂಗಸರಿಗೂ ಅಷ್ಟೇ.

ರಾತ್ರಿ ಬಸ್ಸಿಗೆ ಉಪಾಯ ಬೇರೆ. ಮೆಡಿಕಲ್ ಶಾಪಿನಲ್ಲಿ ಸಿಗುವ 2 ಲೀಟರಿನ ಯೂರೋಬ್ಯಾಗನ್ನು (ಮೂತ್ರ ತುಂಬಿಕೊಳ್ಳುವ ದೊಡ್ಡ ಚೀಲ) ಕನೆಕ್ಟರ್ ಮೂಲಕ ಹೊಟ್ಟೆಯ ಬ್ಯಾಗಿನ ನಲ್ಲಿಗೆ ಸೇರಿಸಿ. ಕನೆಕ್ಟರ್ ಬ್ಯಾಗಿನ ಡಬ್ಬಿಯಲ್ಲೇ ಬರುತ್ತದೆ, ಸುಮ್ನೆ ಎಸೆಯಬೇಡಿ. ಜೋಡಿಸುವಾಗ ಹೊಟ್ಟೆಯ ಬ್ಯಾಗಿನಲ್ಲಿ ಸ್ವಲ್ಪ ಮೂತ್ರ ಉಳಿಸಿಕೊಳ್ಳಿ. ಪೂರ್ತಿ ಖಾಲಿಯಿದ್ದರೆ ಬ್ಯಾಗ್ ಒಳಗೊಳಗೇ ಅಂಟಿಕೊಂಡು ಮೂತ್ರ ಇಳಿಯುವುದಿಲ್ಲ. ಯೂರೋಬ್ಯಾಗ್ ಹೊಟ್ಟೆಗಿಂತ ಕೆಳಗಿರಬೇಕು. ಅದಕ್ಕೇ ಸ್ಲೀಪರಿನಲ್ಲಿ ಕೆಳಗಿನ ಬರ್ತ್ ಬುಕ್ ಮಾಡಿ. ಕೂತು ಹೋಗುವವರು ಕಾಲಿಗೆ ಕಟ್ಟುವ ಲೆಗ್ ಬ್ಯಾಗ್ ಹಾಕಿಕೊಂಡು ಮೇಲೆ ಸಡಿಲ ಪ್ಯಾಂಟ್ ತೊಡಬಹುದು.

ಮೊದಲ ಪ್ರಯಾಣಕ್ಕೆ ನನ್ನ ಸಲಹೆ ರೈಲು. ಟಾಯ್ಲೆಟ್ ಹತ್ತಿರವೇ ಇರುತ್ತದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ.

ವಿಮಾನದಲ್ಲಿ ಬ್ಯಾಗ್ ಉಬ್ಬುತ್ತದೆ ಅನ್ನುವ ಹೆದರಿಕೆ ಮೂತ್ರದ ಬ್ಯಾಗಿಗೆ ಬೇಡ, ಸ್ಟೋಮಾದಿಂದ ಗ್ಯಾಸ್ ಬರುವುದಿಲ್ಲ. ಆಪರೇಷನ್ ಬಗ್ಗೆ ಡಾಕ್ಟರ ಇಂಗ್ಲಿಷ್ ಪತ್ರ ಜೊತೆಗಿರಲಿ. ತಪಾಸಣೆಯವರ ಕೈಗೆ ಬ್ಯಾಗ್ ತಗಲುವ ಮೊದಲೇ ನೀವೇ ಹೇಳಿ. ಎಲ್ಲರ ಎದುರು ಬೇಡ ಅನ್ನಿಸಿದರೆ ಪರದೆಯ ಹಿಂದೆ ನೋಡಿ ಎಂದು ಕೇಳಬಹುದು. ಸೀಟ್ ಬೆಲ್ಟ್ ಸ್ಟೋಮಾವನ್ನು ಒತ್ತದಂತೆ ನೋಡಿಕೊಳ್ಳಿ.

ದೇವಸ್ಥಾನದಲ್ಲಿ

ಧರ್ಮಸ್ಥಳದಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ದರ್ಶನಕ್ಕೆ ಹೋಗಬೇಕು. ಬ್ಯಾಗ್ ಇರುವ ಹಲವರು ಇದೇ ಕಾರಣಕ್ಕೆ ಹೊರಗೇ ಉಳಿಯುತ್ತಾರೆ. ಪಂಚೆಯನ್ನು ಸ್ಟೋಮಾದ ಮೇಲಕ್ಕೆ ಸಡಿಲವಾಗಿ ಕಟ್ಟಿ, ಶಲ್ಯವನ್ನು ಹೊಟ್ಟೆ ಮುಚ್ಚುವಂತೆ ಹೊದ್ದುಕೊಂಡರೆ ಯಾರಿಗೂ ಕಾಣಿಸುವುದಿಲ್ಲ. ಮೈಲಿಗೆ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎಲ್ಲರ ಮೈಯೊಳಗೂ ಇರುವುದು ನಿಮಗೆ ಹೊರಗಿದೆ, ಅಷ್ಟೇ. ಕ್ಯೂ ಸೇರುವ ಮೊದಲು, ಊಟಕ್ಕೆ ನೆಲದ ಮೇಲೆ ಕೂರುವ ಮೊದಲು, ನೇತ್ರಾವತಿಯಲ್ಲಿ ಮುಳುಗುವ ಮೊದಲು ಬ್ಯಾಗ್ ಖಾಲಿ ಮಾಡಿ. ಬ್ಯಾಗ್ ಇದ್ದೇ ಸ್ನಾನ ಮಾಡಬಹುದು.

ಲಾಡ್ಜಿನಲ್ಲಿ ಬದಲಿಸುವುದು

ಬೆಳಿಗ್ಗೆ ಎದ್ದ ತಕ್ಷಣ, ಕಾಫಿಗೂ ಮೊದಲು ಬದಲಿಸಿ. ಆಗ ಮೂತ್ರ ಕಡಿಮೆ. ಹಳೇ ಪ್ಲೇಟನ್ನು ನಿಧಾನವಾಗಿ ಬಿಡಿಸಿ. ಸುರುಳಿ ಸುತ್ತಿದ ಗಾಜ್ (ಬ್ಯಾಂಡೇಜ್) ಬಟ್ಟೆಯನ್ನು ಸ್ಟೋಮಾದ ಬಾಯಿಗೆ ಹಿಡಿದರೆ ಹನಿಗಳನ್ನು ಅದು ಹೀರುತ್ತದೆ. ಸುತ್ತಲಿನ ಚರ್ಮವನ್ನು ಬರೀ ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ಕೊಬ್ಬರಿ ಎಣ್ಣೆ, ಕ್ರೀಮು ಬೇಡ, ಪ್ಲೇಟ್ ಹಿಡಿಯುವುದಿಲ್ಲ. ಹೊಸ ಪ್ಲೇಟನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಂಟಿಸಿ, ಕೆಲವು ನಿಮಿಷ ಒತ್ತಿಹಿಡಿಯಿರಿ. ಹಳೆಯದನ್ನು ಖಾಲಿ ಮಾಡಿ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿ. ಟಾಯ್ಲೆಟ್ ಗುಂಡಿಗೆ ಖಂಡಿತ ಹಾಕಬೇಡಿ.

ಯಾವಾಗ ಡಾಕ್ಟರ ಹತ್ತಿರ ಓಡಬೇಕು?

ಬೀಟ್ರೂಟ್ ಪಲ್ಯ ತಿಂದ ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ. ಆದರೆ ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು, ರಕ್ತ, ಕೆಲವು ಗಂಟೆ ಮೂತ್ರವೇ ಬಾರದಿರುವುದು, ಸ್ಟೋಮಾ ನೀಲಿ ಅಥವಾ ಕಪ್ಪಾಗುವುದು, ಇದರಲ್ಲಿ ಯಾವುದು ಕಂಡರೂ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಪರಊರಿನ ಡಾಕ್ಟರಿಗೆ ಇದು ಮೂತ್ರದ ಸ್ಟೋಮಾ ಎಂದು ಮೊದಲೇ ತಿಳಿಸಿ. ಯೂರಿನ್ ಟೆಸ್ಟಿಗೆ ಬ್ಯಾಗಿನಲ್ಲಿ ನಿಂತ ಮೂತ್ರ ಕೊಡಬೇಡಿ. ಅದರಲ್ಲಿ ಸೋಂಕು ಇಲ್ಲದಿದ್ದರೂ ಬ್ಯಾಕ್ಟೀರಿಯಾ ಕಾಣಿಸುತ್ತದೆ, ಬೇಡದ ಆ್ಯಂಟಿಬಯೋಟಿಕ್ ನುಂಗಬೇಕಾಗುತ್ತದೆ. ಬ್ಯಾಗ್ ತೆಗೆದು, ಸ್ಟೋಮಾದೊಳಗೆ ಸಣ್ಣ ಕ್ಯಾತಿಟರ್ (ತೆಳುವಾದ ನಳಿಕೆ) ಹಾಕಿ ಸ್ಯಾಂಪಲ್ ತೆಗೆಯಲು ಕೇಳಿ.