ದೊರೆಸಾನಿ ಮಾರಿದ ತೋಟದ ಪರ್ಮಿಶನ್ ಕಾಗದ

ಸಕಲೇಶಪುರದಲ್ಲಿ ವಕೀಲಿಕೆ ಮಾಡುವವರಿಗೆ ಕಾಫಿ ತೋಟದ ಟೈಟಲ್ ನೋಡುವುದು ಹೊಟ್ಟೆಪಾಡಿನ ಕೆಲಸ. ಇಸಿ (ಆಸ್ತಿಯ ಮೇಲಿನ ಕ್ರಯ, ಸಾಲಗಳ ಪಟ್ಟಿ) ತೆಗೆಸು, ಪಹಣಿ ನೋಡು, ಮ್ಯುಟೇಶನ್ (ಖಾತೆ ಬದಲಾವಣೆ) ತಾಳೆ ಹಾಕು, ಹೆಸರಿನ ಸರಪಳಿ ತುಂಡಾಗದಿದ್ದರೆ ಅಭಿಪ್ರಾಯ ಬರೆದು ಸಹಿ ಹಾಕು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಪ್ರತಿ ಹೆಸರಿನ ಪಕ್ಕ ಆ ಮನುಷ್ಯ ಯಾವ ದೇಶದ ಪ್ರಜೆ ಅಂತ ಬರೆದುಕೊಳ್ಳೋದು ಶುರು ಮಾಡಿದ್ದು 2021ರ ನಂತರ, ಅದೂ ನನ್ನದೇ ತಪ್ಪಿನಿಂದ.

ತೋಟ ಹಾನುಬಾಳು ಕಡೆಯದು. ಹಿರಿಯ ಯಜಮಾನರು 1976ರಲ್ಲಿ ಒಬ್ಬ ಇಂಗ್ಲಿಷ್ ವಿಧವೆಯಿಂದ ಕ್ರಯಕ್ಕೆ ತಗೊಂಡಿದ್ದು. ಊರವರ ಬಾಯಲ್ಲಿ ಈಗಲೂ ಅದು ದೊರೆಸಾನಿ ತೋಟವೇ. 2016ರಲ್ಲಿ ಸಾಲಕ್ಕೆಂದು ಟೈಟಲ್ ಸರಿಯಿದೆ ಅಂತ ಬರೆದುಕೊಟ್ಟವನು ನಾನು. ಯಜಮಾನರು ತೀರಿಕೊಂಡ ಮೇಲೆ ಮಕ್ಕಳಿಬ್ಬರೂ ಪಾಲಿಗೆ ಬಂದರು. ಅಣ್ಣ ತೋಟದಲ್ಲೇ ಇದ್ದಾನೆ, ತಮ್ಮ ಅಮೆರಿಕದ ಪ್ರಜೆ, ಒಸಿಐ ಕಾರ್ಡ್ (ವಿದೇಶಿ ಪ್ರಜೆಯಾದ ಭಾರತೀಯ ಮೂಲದವರಿಗೆ ಕೊಡುವುದು) ಇದೆ.

ಅಷ್ಟರಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. ಬೆಂಗಳೂರಿನ ಆಸ್ತಿ, ವಿದೇಶಿ ಪ್ರಜೆಯಾಗಿದ್ದ ವಿಧವೆಯೊಬ್ಬರು 1977ರಲ್ಲಿ ಬರೆದ ದಾನಪತ್ರ. 1973ರ ಫೆರಾ (ವಿದೇಶಿ ವಿನಿಮಯ ನಿಯಂತ್ರಣ) ಕಾಯ್ದೆಯ 31ನೇ ಕಲಮಿನ ಪ್ರಕಾರ ಭಾರತದ ಪ್ರಜೆಯಲ್ಲದವರು ಸ್ಥಿರಾಸ್ತಿ ಮಾರಲು, ದಾನ ಕೊಡಲು ರಿಸರ್ವ್ ಬ್ಯಾಂಕಿನ ಅನುಮತಿ ಮೊದಲೇ ಪಡೆಯಬೇಕಿತ್ತು. ಪಡೆಯದಿದ್ದರೆ ದಂಡ ಬೀಳಬಹುದು, ಪತ್ರ ಕೆಡುವುದಿಲ್ಲ ಅಂತ ಹೇಳುವ ಹೈಕೋರ್ಟ್ ತೀರ್ಪುಗಳನ್ನು ನಂಬಿಕೊಂಡು ನಾವೆಲ್ಲ ನೆಮ್ಮದಿಯಾಗಿದ್ದೆವು. ಪತ್ರವೇ ಅನೂರ್ಜಿತ ಅಂದಿತು ಸುಪ್ರೀಂ ಕೋರ್ಟ್. ಆಗಲೇ ಇತ್ಯರ್ಥವಾಗಿ ಮುಗಿದ ವ್ಯವಹಾರಗಳನ್ನು ಮತ್ತೆ ಕೆದಕಬೇಕಿಲ್ಲ ಅಂತಲೂ ಹೇಳಿತು, ನಿಜ. ಆದರೆ ‘ಮುಗಿದದ್ದು’ ಯಾವುದು ಅನ್ನೋ ವಾದದ ಮೇಲೆ ಒಬ್ಬರ ತೋಟ ನಿಲ್ಲಿಸಿ ರಾತ್ರಿ ನಿದ್ದೆ ಮಾಡೋಕಾಗುತ್ತಾ?

ಫೆರಾ ಜಾರಿಗೆ ಬಂದದ್ದು 1974ರ ಜನವರಿ 1ಕ್ಕೆ. ನಮ್ಮ ಕ್ರಯ 1976. ಸರಿಯಾಗಿ ಸಿಕ್ಕಿಬಿದ್ದಿದ್ದೆ.

ಕ್ರಯಪತ್ರದಲ್ಲಿ ಅನುಮತಿಯ ಮಾತೇ ಇಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆಗ ಸಿಗುತ್ತಿದ್ದದ್ದು 2004ರಿಂದ ಈಚಿನದು, ಹಾಗಾಗಿ ಹಳೇ ಇಂಡೆಕ್ಸ್ ಪುಸ್ತಕ ತಿರುವಿಸಿದೆ, ಅಲ್ಲೂ ಇಲ್ಲ. ಕೊನೆಗೆ ಬಂಗಲೆಯ ಸ್ಟೋರ್ ರೂಮಿನ ತಗಡಿನ ಟ್ರಂಕ್ ತೆಗೆಸಿದೆವು. ಹುಳು ತಿಂದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಬಿಲ್ಲುಗಳು, ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕಗಳು, ಅವುಗಳ ಅಡಿಯಲ್ಲಿ ತೆಳ್ಳನೆ ಹಾಳೆಯ ಮೇಲೆ ನೀಲಿ ಕಾರ್ಬನ್ ಪ್ರತಿ. ರಿಸರ್ವ್ ಬ್ಯಾಂಕಿನ ಅನುಮತಿ, ಕ್ರಯಕ್ಕಿಂತ ಐದು ವಾರ ಮೊದಲಿನದು. ಅಣ್ಣ ಅಲ್ಲೇ ಕೂತು ನಗೋಕೆ ಶುರು ಮಾಡಿದ. ನಾನು ನಗಲಿಲ್ಲ. ಕಾಗದದಲ್ಲಿ ಮೂರು ಸರ್ವೆ ನಂಬರ್, ಕ್ರಯಪತ್ರದಲ್ಲಿ ನಾಲ್ಕು.

ಆ ನಾಲ್ಕನೆಯದಕ್ಕೆ ಎರಡು ತಿಂಗಳು ಹೋಯಿತು. ಸರ್ವೆ ಕಚೇರಿಯಲ್ಲಿ ಆಕಾರಬಂದ್ (ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ) ಎರಡಕ್ಕೂ ಅರ್ಜಿ ಹಾಕಿ ಕಾದು ಕಾದು ನೋಡಿದರೆ, ಆ ನಂಬರ್ ಹೊಸ ಜಮೀನೇ ಅಲ್ಲ. ಮೂರರಲ್ಲಿ ಒಂದು ನಂಬರ್ ಪೋಡಿಯಾಗಿ, ಅಂದರೆ ಒಡೆದು ಬೇರೆ ನಂಬರ್ ಬಿದ್ದು, ಹುಟ್ಟಿದ್ದು. ಪೋಡಿ ನಡೆದದ್ದು ಅನುಮತಿಗೆ ಅರ್ಜಿ ಹಾಕಿದ ಮೇಲೆ, ಕ್ರಯಕ್ಕೆ ಮುಂಚೆ. ವಿಸ್ತೀರ್ಣ ಕೂಡಿಸಿದರೆ ಗುಂಟೆ ಲೆಕ್ಕಕ್ಕೂ ಸರಿಹೋಯಿತು. ಟಿಪ್ಪಣಿಯ ನಕಲು, ಕಾರ್ಬನ್ ಪ್ರತಿ, ಕ್ರಯಪತ್ರ ಮೂರನ್ನೂ ಸೇರಿಸಿ ಹೊಸ ಅಭಿಪ್ರಾಯ ಬರೆದೆ. 2016ರದ್ದರಲ್ಲಿ ಈ ಪ್ರಶ್ನೆ ಬಿಟ್ಟುಹೋಗಿತ್ತು ಅಂತ ಅದರಲ್ಲೇ ನಮೂದಿಸಿದೆ.

ಅದೇ ಟ್ರಂಕಿನಲ್ಲಿ ಇನ್ನೂ ಹಳೆಯದೊಂದು ಹಕ್ಕುಪತ್ರ ಸಿಕ್ಕಿತು. ಇಂಗ್ಲಿಷಿನದು, 1870ರ ದಶಕದ್ದು, ಮಂಜರಾಬಾದ್ ತಾಲ್ಲೂಕು (ಈಗಿನ ಸಕಲೇಶಪುರ) ಅಂತ ಬರೆದಿದೆ. ತಮ್ಮ ವಿಡಿಯೊ ಕಾಲ್‌ನಲ್ಲಿ ಕೇಳಿದ: ಬ್ರಿಟಿಷರು ತಮ್ಮವರಿಗೇ ಕೊಟ್ಟುಕೊಂಡ ಕಾಗದ, ಮಹಾರಾಜರು ಯಾಕೆ ಒಪ್ಪಬೇಕಿತ್ತು? ಒಳ್ಳೇ ಪ್ರಶ್ನೆ. ಮೈಸೂರು 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂದಾಗ ಅದರ ಜೊತೆ ಷರತ್ತಿನ ಪತ್ರವೂ ಬಂತು. ಬ್ರಿಟಿಷ್ ಆಡಳಿತದಲ್ಲಿ ಕೊಟ್ಟ ಹಕ್ಕುಪತ್ರ, ಮಾಡಿದ ಕಂದಾಯ ನಿಗದಿ ಎಲ್ಲ ಊರ್ಜಿತದಲ್ಲೇ ಇರಬೇಕು. ಕೋರ್ಟು ಅಥವಾ ಗವರ್ನರ್ ಜನರಲ್ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ. ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಕ್ರಿಮಿನಲ್ ಅಧಿಕಾರವೂ ಗವರ್ನರ್ ಜನರಲ್ ಕೈಯಲ್ಲೇ. ಅವರು ವಹಿಸಿಕೊಟ್ಟಷ್ಟನ್ನೇ ಮಹಾರಾಜರು ಚಲಾಯಿಸಬೇಕು. ಹದಿನೆಂಟು ವರ್ಷದ ಹುಡುಗ ಇದನ್ನು ಚೌಕಾಸಿ ಮಾಡಿ ಪಡೆದ ಅಂತ ಯಾರೂ ಹೇಳಲಾರರು. ಆ ಪತ್ರದ ಜಾಗಕ್ಕೆ ‘ಒಪ್ಪಂದ’ ಅನ್ನುವ ಮರ್ಯಾದೆಯ ಹೆಸರಿನದ್ದು ಬಂದದ್ದು 1913ರಲ್ಲಿ.

‘ಹಂಗಾದ್ರೆ ಬಿಳಿ ದೊರೆಗೆ ರಕ್ಷಣೆ, ನಂಗೆ ಪರ್ಮಿಶನ್ನಾ?’ ಅಂದ ತಮ್ಮ.

ಅವನ ವಿಷಯದಲ್ಲಿ ನಿಯಮ ಹೀಗಿದೆ. ಒಸಿಐ ಇರುವವರು ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಅಪ್ಪನಿಂದ ವಾರಸಾಗಿ ಬಂದದ್ದು ಮಾತ್ರ ನಿಲ್ಲುತ್ತದೆ. ಅಣ್ಣತಮ್ಮಂದಿರು ಮೊದಲೇ ಮಾತಾಡಿಕೊಂಡಿದ್ದು ಬೇರೆ: ತಮ್ಮನಿಗೆ ಬಂಗಲೆ ಸೇರಿ ಹೆಚ್ಚು ಜಮೀನು, ಅಣ್ಣನಿಗೆ ಅದರ ಬೆಲೆ ದುಡ್ಡಾಗಿ. ಪಾಲುಪಟ್ಟಿ ಅಂತ ಹೆಸರಿಟ್ಟರೂ ಹೆಚ್ಚುವರಿ ಎಕರೆಗೆ ದುಡ್ಡು ಕೊಟ್ಟರೆ ಅದನ್ನು ಖರೀದಿ ಅಂತ ಹೇಳಲು ಯಾರಿಗೂ ಕಷ್ಟವಿಲ್ಲ. ಕಡ್ಡಿ ಮುರಿದಂತೆ ಬೇಡ ಅಂದೆ. ಅಣ್ಣ ಮುನಿಸಿಕೊಂಡು ಎರಡು ವಾರ ಫೋನ್ ಎತ್ತಲಿಲ್ಲ.

ಕೊನೆಗೆ ಸಮಪಾಲಿಗೆ ಗೆರೆ ಎಳೆದೆವು. ಬಂಗಲೆ ತಮ್ಮನ ಅರ್ಧದಲ್ಲೇ ಬಂತು, ಆದರೆ ಗೆರೆ ಕಾಫಿ ಒಣಗಿಸುವ ಕಣದ ನಡುವೆ ಹಾದುಹೋಯಿತು. ಕಣವನ್ನು ಇಬ್ಬರೂ ಬಳಸುವ ಹಕ್ಕು ಅಂತ ಒಂದು ಪ್ಯಾರಾ ಸೇರಿಸಿದೆ. ಇಡೀ ಪತ್ರದಲ್ಲಿ ಹೆಚ್ಚು ಜಗಳವಾಗಿದ್ದು ಅದಕ್ಕೇ: ಅರೇಬಿಕಾ ಯಾರದ್ದು ಮೊದಲು ಒಣಗಬೇಕು ಅಂತ.

ರಿಜಿಸ್ಟ್ರೇಶನ್ ಮುಗಿದ ಮೇಲೆ ಆ ಕಾರ್ಬನ್ ಪ್ರತಿಯನ್ನು ಆಸಿಡ್ ಇಲ್ಲದ ಕವರಿನಲ್ಲಿಡಿ, ದಮ್ಮಯ್ಯ ಅಂತೀನಿ ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ ಅಂದೆ. ಅಣ್ಣ ಆಗಲೇ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದಿದ್ದ.