ವೃತ್ತಿಯ ನಡುದಾರಿಯಲ್ಲಿ ಆಪ್ತಸಮಾಲೋಚನೆಯತ್ತ: ಯಾವ ಸ್ನಾತಕೋತ್ತರ ಪದವಿ, ಯಾರಿಗೆ?

ಹತ್ತು ಹದಿನೈದು ವರ್ಷ ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಶಾಲೆಯಲ್ಲೋ ದುಡಿದು, ಇನ್ನು ಆಪ್ತಸಮಾಲೋಚಕರಾಗಬೇಕೆಂದು ನಿರ್ಧರಿಸಿದವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಒಳ್ಳೆಯ ಕಾಲೇಜು ಯಾವುದೆಂದು. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ವಿಷಯ ಬೇರೆಯೇ ಇದೆ. ಓದು ಮುಗಿದ ಮೇಲೆ ನೀವು ಯಾರ ಎದುರು ಕುಳಿತು ಮಾತನಾಡಬೇಕೆಂದುಕೊಂಡಿದ್ದೀರಿ? ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಬಂದವರ ಎದುರೇ, ಪರೀಕ್ಷೆಗೆ ಹೆದರಿದ ಪಿಯುಸಿ ಹುಡುಗನ ಎದುರೇ, ಗಂಡನ ಮನೆ ಬಿಟ್ಟು ಸಾಂತ್ವನ ಕೇಂದ್ರಕ್ಕೆ ಬಂದ ಮಹಿಳೆಯ ಎದುರೇ, ಕಚೇರಿಯ ಒತ್ತಡದಲ್ಲಿ ನಿದ್ದೆಗೆಟ್ಟ ಉದ್ಯೋಗಿಯ ಎದುರೇ? ಈ ನಾಲ್ಕು ಕೆಲಸಗಳಿಗೂ ಹೊರಗಿನವರು ‘ಕೌನ್ಸೆಲಿಂಗ್’ ಎಂಬ ಒಂದೇ ಹೆಸರು ಕೊಟ್ಟರೂ, ಕಾನೂನು ಮತ್ತು ನೇಮಕಾತಿ ನಿಯಮಗಳು ಒಂದೊಂದಕ್ಕೂ ಬೇರೆ ಬೇರೆ ಪದವಿಯನ್ನು ಕೇಳುತ್ತವೆ. ಒಂದಕ್ಕೆಂದು ಪಡೆದ ಪದವಿ ಮುಂದೆ ಇನ್ನೊಂದಕ್ಕೆ ನಡೆಯುತ್ತದೆಂಬ ಭರವಸೆಯಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಇಂಥ ಆಯ್ಕೆ ತಪ್ಪಿದರೆ ಮತ್ತೆ ಎರಡು ವರ್ಷ ಓದಬಹುದು; ಮನೆಯ ಸಾಲದ ಕಂತು, ಮಕ್ಕಳ ಶಾಲೆ, ತಂದೆತಾಯಿಯ ಔಷಧಿ ಎಲ್ಲವನ್ನೂ ಹೊತ್ತಿರುವ ನಲವತ್ತರಲ್ಲಿ ಅದು ಸುಲಭವಲ್ಲ.

ಕಾನೂನು ಏನು ಹೇಳುತ್ತದೆ

‘ಕ್ಲಿನಿಕಲ್ ಸೈಕಾಲಜಿಸ್ಟ್’, ಅಂದರೆ ಮಾನಸಿಕ ಕಾಯಿಲೆಯ ಪರೀಕ್ಷೆ ಮತ್ತು ಚಿಕಿತ್ಸೆ ನಡೆಸುವ ಮನೋವಿಜ್ಞಾನಿ, ಎಂಬುದು ಯಾರು ಬೇಕಾದರೂ ಬಾಗಿಲಿಗೆ ತೂಗುಹಾಕಿಕೊಳ್ಳಬಹುದಾದ ಹೆಸರಲ್ಲ. 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸನ್ನು ಮುಗಿಸಿ ಅದರ ನೋಂದಣಿ ಪಡೆದವರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಅರ್ಹತೆಯನ್ನು ಪ್ರತ್ಯೇಕವಾಗಿ ವಿವರಿಸಿದೆ. ‘ಆಪ್ತಸಮಾಲೋಚಕ’ ಎಂಬ ಹೆಸರಿಗೆ ಬಹುಕಾಲ ಇಂಥ ಬೇಲಿಯೇ ಇರಲಿಲ್ಲ. ವಾರಾಂತ್ಯದ ಎರಡು ತರಬೇತಿ ಮುಗಿಸಿದವರೂ ಫಲಕ ಹಾಕಿಕೊಂಡದ್ದು ಅದರಿಂದಲೇ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆಯು ಮನೋವಿಜ್ಞಾನಿಗಳು, ವರ್ತನಾ ಆರೋಗ್ಯ ಸಮಾಲೋಚಕರು, ವೈದ್ಯಕೀಯ ಹಾಗೂ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮುಂತಾದವರನ್ನು ತನ್ನ ಪಟ್ಟಿಗೆ ಸೇರಿಸಿ, ಕೇಂದ್ರ ಮತ್ತು ರಾಜ್ಯ ಮಟ್ಟದಲ್ಲಿ ಅವರ ನೋಂದಣಿಗೆ ಅವಕಾಶ ಕಲ್ಪಿಸಿತು. ಆದ್ದರಿಂದ ಈಗ ಓದಲು ಹೊರಡುವವರು, ಹೆಸರು ನೋಂದಾಯಿಸಬೇಕಾಗಿ ಬಂದ ದಿನ ತಮ್ಮ ಪದವಿ ಅದಕ್ಕೆ ಸಾಕಾಗುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರವೇಶಕ್ಕೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇದೇ ಕಾಯ್ದೆಯ ನೆರಳಿನಲ್ಲಿ ಇನ್ನೊಂದು ದೊಡ್ಡ ಬದಲಾವಣೆಯಾಗಿದೆ. ಕೆಲಸ ಬಿಡಲಾಗದವರಿಗೆ ಹಲವು ವರ್ಷಗಳ ಕಾಲ ದೂರಶಿಕ್ಷಣವೇ ಆಸರೆಯಾಗಿತ್ತು. ಯಾವುದೇ ಪದವಿಯಿದ್ದರೂ ಸೇರಬಹುದಾಗಿದ್ದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಎಂ.ಎ. ಮನೋವಿಜ್ಞಾನದ ಮೂಲಕ ಈ ಕ್ಷೇತ್ರಕ್ಕೆ ಬಂದವರು ಬಹಳ ಜನ. ಆದರೆ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮೊದಲ್ಗೊಂಡು ಮನೋವಿಜ್ಞಾನವೂ ಸೇರಿದಂತೆ ಈ ಕಾಯ್ದೆಯ ವ್ಯಾಪ್ತಿಯ ವಿಷಯಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕಲಿಸುವಂತಿಲ್ಲವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಆದೇಶಿಸಿತು. ‘ಮನೆಯಿಂದಲೇ ಎಂ.ಎ. ಸೈಕಾಲಜಿ’ ಎಂಬ ಜಾಹೀರಾತು ಇಂದಿಗೂ ಮೊಬೈಲಿನಲ್ಲಿ ಕಂಡರೆ, ಅದನ್ನು ಕೊಡುತ್ತಿರುವ ಸಂಸ್ಥೆ ಯಾವುದು, ಯಾವ ದೇಶದ್ದು, ಯಾವ ಅನುಮತಿಯ ಮೇಲೆ ನಡೆಸುತ್ತಿದೆ ಎಂಬುದನ್ನು ಯುಜಿಸಿಯ ಜಾಲತಾಣದಲ್ಲಿ ಪರಿಶೀಲಿಸದೆ ಒಂದು ರೂಪಾಯಿಯನ್ನೂ ಕಟ್ಟಬಾರದು.

ಮನೋವಿಜ್ಞಾನದ ಎಂ.ಎಸ್‌ಸಿ.

ಖಾಸಗಿಯಾಗಿ ಆಪ್ತಸಮಾಲೋಚನೆ ನಡೆಸಬೇಕು, ಕಂಪನಿಗಳ ಉದ್ಯೋಗಿ ಸಹಾಯ ಯೋಜನೆಗಳಲ್ಲಿ ಅಥವಾ ಕಾಲೇಜುಗಳಲ್ಲಿ ಕೆಲಸ ಮಾಡಬೇಕು ಎನ್ನುವವರಿಗೆ ಮನೋವಿಜ್ಞಾನದ, ಅದರಲ್ಲೂ ಕೌನ್ಸೆಲಿಂಗ್ ಸೈಕಾಲಜಿಯ, ಎರಡು ವರ್ಷದ ಸ್ನಾತಕೋತ್ತರ ಪದವಿ ನೇರವಾದ ದಾರಿ. ಇಲ್ಲಿ ಎದುರಾಗುವ ಮೊದಲ ತಡೆ ನಿಮ್ಮ ಹಳೆಯ ಪದವಿ. ಸರ್ಕಾರಿ ವಿಶ್ವವಿದ್ಯಾಲಯಗಳ ವಿಭಾಗಗಳು ಸಾಮಾನ್ಯವಾಗಿ ಪದವಿಯಲ್ಲಿ ಮನೋವಿಜ್ಞಾನವನ್ನು ಓದಿದವರನ್ನು ಬಯಸುತ್ತವೆ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಮತ್ತು ಸ್ವಾಯತ್ತ ಕಾಲೇಜುಗಳು ಬೇರೆ ಪದವಿಯವರಿಗೂ ಬಾಗಿಲು ತೆರೆದಿವೆ. ಪ್ರವೇಶ ಪರೀಕ್ಷೆಯಲ್ಲಿ ಅರ್ಹತೆ ಪಡೆದವರು ಪದವಿಯಲ್ಲಿ ಓದದ ವಿಷಯದಲ್ಲೂ ಸ್ನಾತಕೋತ್ತರ ಓದಬಹುದೆಂದು ಯುಜಿಸಿಯ 2024ರ ಚೌಕಟ್ಟು ಹೇಳಿದೆ. ಆದರೂ ಅಂತಿಮ ಮಾತು ಆಯಾ ವಿಶ್ವವಿದ್ಯಾಲಯದ ಆ ವರ್ಷದ ಪ್ರವೇಶ ಅಧಿಸೂಚನೆಯದ್ದೇ. ಬಿ.ಇ. ಅಥವಾ ಬಿ.ಕಾಂ. ಮಾಡಿದವರು ಅದರಲ್ಲಿನ ಅರ್ಹತೆಯ ಸಾಲನ್ನು ಎರಡು ಸಲ ಓದಿ, ಅನುಮಾನವಿದ್ದರೆ ಲಿಖಿತ ಉತ್ತರವನ್ನೇ ಪಡೆಯಬೇಕು. ಪ್ರವೇಶ ವಿಭಾಗದವರು ಫೋನಿನಲ್ಲಿ ‘ಆಗುತ್ತೆ ಸರ್’ ಎಂದದ್ದು ದಾಖಲೆಯಾಗುವುದಿಲ್ಲ.

ಹೆಚ್ಚು ಜನ ಎಡವುವುದು ಕೋರ್ಸಿನ ಹೆಸರಿನಲ್ಲಿ. ‘ಎಂ.ಎಸ್‌ಸಿ. ಕ್ಲಿನಿಕಲ್ ಸೈಕಾಲಜಿ’ ಎಂಬ ಹೆಸರಿರುವ ಮಾತ್ರಕ್ಕೆ ಆ ಪದವಿಗೆ ಆರ್‌ಸಿಐ ಮಾನ್ಯತೆ ಇದೆಯೆಂದು ಅರ್ಥವಲ್ಲ. ವಿಶ್ವವಿದ್ಯಾಲಯ ತನ್ನ ಪದವಿಗೆ ಹೆಸರಿಡುವುದು ಒಂದು, ವೃತ್ತಿ ನೋಂದಣಿ ಕೊಡುವ ಪರಿಷತ್ತು ಅದೇ ಕೋರ್ಸನ್ನು ಒಪ್ಪುವುದು ಇನ್ನೊಂದು. ಪರಿಷತ್ತಿನ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯಿದೆ. ಅದರಲ್ಲಿ ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಮಾನ್ಯತೆಯ ಅವಧಿ ಈ ಮೂರೂ ನೀವು ಸೇರಲಿರುವ ವರ್ಷಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೂ ಆ ಪದವಿ ವ್ಯರ್ಥವಲ್ಲ, ಅದು ಮನೋವಿಜ್ಞಾನದ ಒಳ್ಳೆಯ ಪದವಿಯೇ ಇರಬಹುದು. ಆದರೆ ಅದರಿಂದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ ಎಂಬುದು ಶುಲ್ಕ ಕಟ್ಟುವ ಮೊದಲೇ ತಿಳಿದಿರಬೇಕು.

ಆಸ್ಪತ್ರೆಯ ದಾರಿ

ತೀವ್ರ ಮಾನಸಿಕ ಕಾಯಿಲೆ ಇರುವವರೊಂದಿಗೆ ಕೆಲಸ ಮಾಡಬೇಕು, ಬುದ್ಧಿಮಟ್ಟ ಮತ್ತು ವ್ಯಕ್ತಿತ್ವದ ಪರೀಕ್ಷೆಗಳನ್ನು ನಡೆಸಿ ವರದಿ ಕೊಡಬೇಕು ಎನ್ನುವವರಿಗೆ ಆರ್‌ಸಿಐ ದಾರಿಯೇ ಗತಿ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಇದುವರೆಗೆ ಇದಕ್ಕಿದ್ದ ಮುಖ್ಯ ಬಾಗಿಲು ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಯುಜಿಸಿ ತನ್ನ 2022ರ ನಿಯಮಗಳಲ್ಲಿ ಎಂ.ಫಿಲ್ ಪದವಿಯನ್ನೇ ಕೈಬಿಟ್ಟು, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಗಳಿಗೆ ಮಾತ್ರ 2025–26ರ ಶೈಕ್ಷಣಿಕ ವರ್ಷದವರೆಗೆ ಅವಕಾಶವನ್ನು ವಿಸ್ತರಿಸಿತ್ತು. ಹಾಗಾಗಿ ‘ಮೊದಲು ಎಂ.ಎಸ್‌ಸಿ., ಆಮೇಲೆ ಎಂ.ಫಿಲ್’ ಎಂಬ ಹಿರಿಯರ ಹಳೆಯ ಸಲಹೆಯನ್ನು ನಂಬಿ ಈಗ ಯೋಜನೆ ಹಾಕುವುದು ಅಪಾಯಕರ. ಪರಿಷತ್ತು ಪರ್ಯಾಯವಾಗಿ ಕ್ಲಿನಿಕಲ್ ಸೈಕಾಲಜಿಯ ಹೊಸ ಎಂ.ಎ. ಮತ್ತು ಪರಿಷ್ಕೃತ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಕೋರ್ಸುಗಳನ್ನು ರೂಪಿಸಿದ್ದು, ಯಾವ ಕೋರ್ಸಿಗೆ ಯಾವ ವರ್ಗದ ನೋಂದಣಿ ದೊರೆಯುತ್ತದೆಂಬುದನ್ನು ಕಾಲೇಜಿನ ಕರಪತ್ರದಲ್ಲಲ್ಲ, ಪರಿಷತ್ತಿನ ಪಠ್ಯಕ್ರಮ ದಾಖಲೆಯಲ್ಲೇ ಓದಿಕೊಳ್ಳಬೇಕು. ಸೀಟುಗಳು ಕಡಿಮೆ, ಪೈಪೋಟಿ ಹೆಚ್ಚು, ಇಡೀ ದಿನ ಆಸ್ಪತ್ರೆಯಲ್ಲಿರಬೇಕಾದ್ದರಿಂದ ಜೊತೆಗೆ ಉದ್ಯೋಗ ಅಸಾಧ್ಯ. ಪದವಿಯಲ್ಲಿ ಮನೋವಿಜ್ಞಾನ ಓದಿರದವರಿಗೆ ಇದು ಇರುವ ದಾರಿಗಳಲ್ಲೆಲ್ಲ ಉದ್ದವಾದದ್ದು. ರೋಗನಿರ್ಣಯದ ಕೆಲಸದಲ್ಲೇ ಆಸಕ್ತಿಯಿದ್ದರೆ ಹೊರತು, ನಲವತ್ತರ ಆಸುಪಾಸಿನವರಿಗೆ ನಾನು ಇದನ್ನು ಮೊದಲ ಆಯ್ಕೆಯಾಗಿ ಸೂಚಿಸಲಾರೆ.

ಕಡೆಗಣಿಸಲ್ಪಟ್ಟ ಎಂ.ಎಸ್.ಡಬ್ಲ್ಯು.

ಸಮಾಜಕಾರ್ಯದ ಸ್ನಾತಕೋತ್ತರ ಪದವಿಯನ್ನು ನಗರದ ಮಧ್ಯಮವರ್ಗದವರು, ಅದು ಸರ್ಕಾರೇತರ ಸಂಸ್ಥೆಗಳಲ್ಲಿ ದುಡಿಯುವವರಿಗೆಂದು ಭಾವಿಸಿ ಪರಿಗಣಿಸುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಬೇರೆ ಹಿನ್ನೆಲೆಯಿಂದ ಬರುವವರಿಗೆ ಇದಕ್ಕಿಂತ ಹೊಂದುವ ಪದವಿ ಕಡಿಮೆ. ಬಹುತೇಕ ಕಡೆ ಯಾವುದೇ ಪದವಿಯವರು ಸೇರಬಹುದು. ಮೈಸೂರು, ಬೆಂಗಳೂರು, ಮಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಸಮಾಜಕಾರ್ಯ ವಿಭಾಗಗಳಿವೆ. ಮಂಗಳೂರಿನ ರೋಶನಿ ನಿಲಯ ಕಾಲೇಜು 1960ರಿಂದ ಈ ವಿಷಯವನ್ನು ಕಲಿಸುತ್ತಿದೆ. ಮುಖ್ಯವಾದ ಕಾರಣ ಕ್ಷೇತ್ರಕಾರ್ಯ. ಎಂ.ಎಸ್.ಡಬ್ಲ್ಯು.ನಲ್ಲಿ ತರಗತಿಗಳ ಜೊತೆಜೊತೆಗೇ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಆಸ್ಪತ್ರೆ, ಶಾಲೆ, ಬಾಲಮಂದಿರ ಅಥವಾ ಕಾರ್ಖಾನೆಗೆ ಹೋಗಿ ಕೆಲಸ ಮಾಡಿ, ವರದಿ ಬರೆದು, ಅಧ್ಯಾಪಕರೊಂದಿಗೆ ಅದನ್ನು ಚರ್ಚಿಸಬೇಕಾಗುತ್ತದೆ. ಮೊದಲ ವರ್ಷವೇ ನಿಜವಾದ ಮನುಷ್ಯರ ನಿಜವಾದ ಕಷ್ಟ ಎದುರಿಗೆ ಬಂದು ಕುಳಿತಿರುತ್ತದೆ.

ಉದ್ಯೋಗದ ದೃಷ್ಟಿಯಿಂದಲೂ ಇದರ ಹರವು ದೊಡ್ಡದು. ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನಾ ಕೇಂದ್ರಗಳು, ಹದಿಹರೆಯದವರಿಗಾಗಿರುವ ಸ್ನೇಹ ಕ್ಲಿನಿಕ್‌ಗಳು, ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿರುವ ಸಾಂತ್ವನ ಮತ್ತು ಸಖಿ ಕೇಂದ್ರಗಳು, ಆಸ್ಪತ್ರೆಗಳ ವೈದ್ಯಕೀಯ ಸಮಾಜಕಾರ್ಯ ವಿಭಾಗಗಳ ನೇಮಕಾತಿಗಳಲ್ಲಿ ಸಮಾಜಕಾರ್ಯದವರಿಗೆ ಸ್ಥಾನವಿದೆ. ಈ ಹುದ್ದೆಗಳಲ್ಲಿ ಹಲವು ಗುತ್ತಿಗೆಯವು, ಸಂಬಳವೂ ಸಾಧಾರಣ. ಐಟಿಯಿಂದ ಬರುವವರು ಇದನ್ನು ಮನೆಯಲ್ಲಿ ಮೊದಲೇ ಮಾತನಾಡಿಕೊಳ್ಳಬೇಕು. ಸೇರುವಾಗ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವೇ ವಿಶೇಷ ವಿಷಯವಾಗಿ ದೊರೆಯುತ್ತದೆಯೇ ಎಂದು ಕೇಳಿ. ಮಾನವ ಸಂಪನ್ಮೂಲ ಅಥವಾ ಸಮುದಾಯ ಅಭಿವೃದ್ಧಿಯನ್ನು ಆರಿಸಿಕೊಂಡರೆ ಸಮಾಲೋಚನೆಯ ಭಾಗ ತೆಳುವಾಗುತ್ತದೆ. ಈ ಪದವಿಯ ಕೊರತೆಯೂ ಅಲ್ಲೇ ಇದೆ. ಒಬ್ಬರ ಜೊತೆ ಹತ್ತಾರು ಭೇಟಿಗಳ ಕಾಲ ನಡೆಸುವ ಚಿಕಿತ್ಸಾ ಸಂವಾದದ ಕೌಶಲವನ್ನು ಇದು ಪೂರ್ತಿಯಾಗಿ ಕಲಿಸುವುದಿಲ್ಲವಾದ್ದರಿಂದ, ಮುಂದೆ ಅದಕ್ಕೆಂದೇ ತರಬೇತಿ ಪಡೆಯಬೇಕಾಗುತ್ತದೆ. ಸಮಾಜ ಕಾರ್ಯಕರ್ತರೂ 2021ರ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಈ ಪದವಿಯನ್ನೂ ತರಗತಿಗೆ ಹೋಗಿ ಓದುವುದೇ ಕ್ಷೇಮ.

ಶಿಕ್ಷಕರಿಗೆ ಬೇರೆ ಲೆಕ್ಕ

ಬಿ.ಎಡ್. ಮಾಡಿ ಶಾಲೆಯಲ್ಲಿ ಕಲಿಸುತ್ತಿರುವವರು, ಮಕ್ಕಳ ಜೊತೆಗೇ ಉಳಿದು ಸಮಾಲೋಚಕರಾಗಬೇಕೆಂದಿದ್ದರೆ, ಎರಡನೆಯ ಸ್ನಾತಕೋತ್ತರ ಪದವಿಗೆ ಧಾವಿಸುವ ಅಗತ್ಯವಿಲ್ಲ. ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಒಂದು ವರ್ಷದ ಡಿಪ್ಲೊಮಾಕ್ಕೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಕೇಂದ್ರ. ಅದರಲ್ಲಿ ಆರು ತಿಂಗಳು ಮನೆಯಲ್ಲಿದ್ದು ಓದಬೇಕು, ಮೂರು ತಿಂಗಳು ಕೇಂದ್ರದಲ್ಲಿದ್ದು ಕಲಿಯಬೇಕು, ಉಳಿದ ಮೂರು ತಿಂಗಳು ಇಂಟರ್ನ್‌ಶಿಪ್. ಸಿಬಿಎಸ್‌ಇ ತನ್ನ ಪ್ರೌಢ ಮತ್ತು ಹಿರಿಯ ಪ್ರೌಢ ಶಾಲೆಗಳಲ್ಲಿ ಸಮಾಲೋಚಕರಿರಬೇಕೆಂದು ವಿಧಿಸಿದೆ. ಮನೋವಿಜ್ಞಾನದ ಪದವೀಧರರ ಜೊತೆಗೆ, ಬೇರೆ ಪದವಿಯ ಮೇಲೆ ಸಮಾಲೋಚನೆಯ ಡಿಪ್ಲೊಮಾ ಪಡೆದವರನ್ನೂ ಅದರ ನಿಯಮ ಒಪ್ಪುತ್ತ ಬಂದಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಸಮಾಲೋಚಕ, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತರಲ್ಲಿ ಒಬ್ಬರನ್ನಾದರೂ ನೇಮಿಸಬೇಕೆಂದು ಮಾರ್ಗಸೂಚಿ ಕೊಟ್ಟ ಮೇಲೆ ಈ ದಾರಿಯ ಮಹತ್ವ ಹೆಚ್ಚಿದೆ. ಆದರೆ ಈ ಡಿಪ್ಲೊಮಾ ಶಾಲೆಯ ಆವರಣಕ್ಕೆ ಸಾಕು; ಖಾಸಗಿ ಚಿಕಿತ್ಸೆಗೆ ಸಾಲದು.

ಕಾಲೇಜಿಗೆ ಹೋಗಿ ಕೇಳಬೇಕಾದದ್ದು

ದಾರಿ ನಿಶ್ಚಯವಾದ ಮೇಲೆ ಕಾಲೇಜಿನ ಆಯ್ಕೆ. ಕಾಲೇಜಿನ ಗುಣಮಟ್ಟಕ್ಕೆ ಕೊಡುವ ನ್ಯಾಕ್ ಶ್ರೇಣಿ, ಕಟ್ಟಡ, ಆವರಣ ಇವೆಲ್ಲ ಇರಲಿ. ಕೇಳಬೇಕಾದ ನಿಜವಾದ ಪ್ರಶ್ನೆ ಸೂಪರ್‌ವಿಷನ್, ಅಂದರೆ ಅನುಭವಿ ಸಮಾಲೋಚಕರ ಮೇಲ್ವಿಚಾರಣೆ, ಕುರಿತಾದದ್ದು. ವಿದ್ಯಾರ್ಥಿ ಎಷ್ಟು ಗಂಟೆ ನಿಜವಾದ ಕಕ್ಷಿದಾರರೊಂದಿಗೆ, ಅಂದರೆ ಸಮಾಲೋಚನೆಗೆ ಬಂದವರೊಂದಿಗೆ, ಕುಳಿತಿರುತ್ತಾನೆ, ಆ ಭೇಟಿಗಳನ್ನು ಯಾರು ಪರಿಶೀಲಿಸುತ್ತಾರೆ, ಪರಿಶೀಲಿಸುವವರು ಸ್ವತಃ ಈಗಲೂ ಸಮಾಲೋಚನೆ ನಡೆಸುತ್ತಿದ್ದಾರೆಯೇ, ಒಬ್ಬ ಮೇಲ್ವಿಚಾರಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ? ಇಂಟರ್ನ್‌ಶಿಪ್ಪಿಗೆ ಜಾಗವನ್ನು ಕಾಲೇಜೇ ಒದಗಿಸುತ್ತದೆಯೇ ಅಥವಾ ನೀವೇ ಅಲೆದು ಹುಡುಕಿ, ಕೊನೆಗೆ ಒಂದು ಪ್ರಮಾಣಪತ್ರ ತಂದುಕೊಟ್ಟರೆ ಸಾಕೆ? ಎರಡನೆಯ ಉತ್ತರ ಬಂದಲ್ಲಿ ಹಿಂದಿರುಗುವುದು ಲೇಸು. ಇವನ್ನು ವಿಭಾಗದ ಮುಖ್ಯಸ್ಥರಿಗೆ ಮಾತ್ರವಲ್ಲ, ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕಂಡು ಅವರಿಗೂ ಕೇಳಬೇಕು. ಎರಡು ಉತ್ತರಗಳ ನಡುವಿನ ಅಂತರವೇ ಆ ಕಾಲೇಜನ್ನು ನಿಮಗೆ ಪರಿಚಯಿಸುತ್ತದೆ.

ಭಾಷೆಯನ್ನೂ ವಿಚಾರಿಸಿ. ಪಠ್ಯ, ಪಾತ್ರಾಭಿನಯ, ಪ್ರಕರಣ ವರದಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆದು, ಮುಂದೆ ಹಾಸನದ ಜಿಲ್ಲಾಸ್ಪತ್ರೆಯಲ್ಲೋ ಕಲಬುರಗಿಯ ಕಾಲೇಜಿನಲ್ಲೋ ಕುಳಿತಾಗ ‘ಎದೆ ಢವಗುಟ್ಟುತ್ತೆ, ಯಾವುದಕ್ಕೂ ಮನಸ್ಸಿಲ್ಲ’ ಎಂದವರಿಗೆ ಕನ್ನಡದಲ್ಲಿ ಏನು ಕೇಳಬೇಕೆಂದು ತೋಚದೆ ಕೂರುವ ಪದವೀಧರರಿದ್ದಾರೆ. ಕನ್ನಡದಲ್ಲಿ ಸಮಾಲೋಚನೆ ನಡೆಸಿ ಮೇಲ್ವಿಚಾರಣೆ ಪಡೆಯುವ ಅವಕಾಶವಿರುವ ಕೋರ್ಸಿಗೆ ಈ ಕಾರಣಕ್ಕೆ ಒಂದು ಅಂಕ ಹೆಚ್ಚು ಕೊಡಬಹುದು.

ರಾಜೀನಾಮೆಗೆ ಮೊದಲು

ಪದವಿಗೆ ಸೇರುವ ಮೊದಲು, ತರಬೇತಿ ಕೊಟ್ಟು ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಯಾವುದಾದರೂ ಸಹಾಯವಾಣಿಯಲ್ಲಿ ಕೆಲವು ತಿಂಗಳು ವಾರಾಂತ್ಯದಲ್ಲಿ ಕೆಲಸ ಮಾಡಿ ನೋಡುವುದು ಅಗ್ಗದ ಪರೀಕ್ಷೆ. ಗೆಳೆಯರೆಲ್ಲ ತಮ್ಮ ಕಷ್ಟವನ್ನು ನಿಮ್ಮ ಬಳಿ ಹೇಳಿಕೊಳ್ಳುತ್ತಾರೆಂಬುದು ಒಳ್ಳೆಯ ಲಕ್ಷಣವೇ ಆದರೂ, ಸಲಹೆ ಕೊಡುವ ಚಪಲವನ್ನು ಅದುಮಿಟ್ಟು ಅಪರಿಚಿತರ ಮಾತನ್ನು ಗಂಟೆಗಟ್ಟಲೆ ಕೇಳುವುದು ಬೇರೆಯೇ ಕೆಲಸ. ವ್ಯವಸ್ಥಾಪಕ ಹುದ್ದೆಗಳಿಂದ ಬಂದವರಿಗೆ ಇದು ವಿಶೇಷವಾಗಿ ಕಷ್ಟ. ಹಣದ ಲೆಕ್ಕ ಹಾಕುವಾಗ ಎರಡು ವರ್ಷದ ಶುಲ್ಕವನ್ನಷ್ಟೇ ಅಲ್ಲ, ಆ ಅವಧಿಯಲ್ಲಿ ಬಾರದ ಸಂಬಳವನ್ನೂ, ಪದವಿಯ ನಂತರ ಕಕ್ಷಿದಾರರು ಕೂಡಿಬರುವವರೆಗಿನ ತೆಳ್ಳಗಿನ ಕಾಲವನ್ನೂ, ಕೆಲಸ ಆರಂಭಿಸಿದ ಮೇಲೂ ಮೇಲ್ವಿಚಾರಕರಿಗೆ ಕೊಡಬೇಕಾದ ಶುಲ್ಕವನ್ನೂ ಸೇರಿಸಬೇಕು. ಸರ್ಕಾರಿ ನೌಕರರು ತಮ್ಮ ಇಲಾಖೆಯ ಅಧ್ಯಯನ ರಜೆಯ ನಿಯಮವನ್ನು ನೋಡಿಕೊಳ್ಳಬೇಕು.

ಕೊನೆಯದಾಗಿ ಕಾಗದಪತ್ರ. ಇಪ್ಪತ್ತು ವರ್ಷ ಹಿಂದಿನ ಪದವಿಯ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರ ಮತ್ತು ವಿಶ್ವವಿದ್ಯಾಲಯ ಬದಲಾಗುವುದಾದರೆ ವಲಸೆ ಪ್ರಮಾಣಪತ್ರ ಬೇಕಾಗುತ್ತವೆ. ಇವುಗಳಲ್ಲಿ ಒಂದು ಕಳೆದಿದ್ದರೂ ನಕಲು ಪ್ರತಿ ಪಡೆಯಲು ವಾರಗಳೇ ಹಿಡಿಯಬಹುದಾದ್ದರಿಂದ, ಪ್ರವೇಶ ಅಧಿಸೂಚನೆ ಹೊರಬೀಳುವುದಕ್ಕೆ ಮೊದಲೇ ಹಳೆಯ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಅರ್ಜಿ ಹಾಕಿರಬೇಕು.